ಹಾರ್ನ್ ಮಾಡೋ ಮಾರಾಯ!

"ಇನ್ನು ನಾನು ಬಸ್ಸಲ್ಲೇ ಬರ್ತೀನಿ ಮಾರಾಯ. ನೀನು ಬೇಕಾದ್ರೆ ಕಾರಲ್ಲಿ ಬಾ."

ಅಮ್ಮ ಹೀಗಂದಿದ್ದು ಕಳೆದ ಮಳೆಗಾಲದಲ್ಲಿ. ಉಡುಪಿಯ ಅಕ್ಕನ ಮನೆಯಿಂದ ತೀರ್ಥಹಳ್ಳಿಗೆ ವಾಪಸ್ ಬರ್ತಿದ್ವಿ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಒಂದು ತಿರುವಿನಲ್ಲಿ ಹಾರ್ನ್ ಒತ್ತಿದೆ. ನೆಗಡಿಯಾದ ಕಪ್ಪೆಯ ಹಾಗೆ 'ಕ್ರ್ರ್...' ಅಂತು, ಅಷ್ಟೇ. ಮೇಲಿಂದ ಇಳಿಯುತ್ತಿದ್ದ ಮಿನಿಬಸ್ಸಿಗೆ ನಾವಿರೋದೇ ಗೊತ್ತಾಗಲಿಲ್ಲ. ಎರಡೂ ಗಾಡಿ ನಿಂತಾಗ ನಡುವೆ ಒಂದು ಮಾರು ಜಾಗ ಇತ್ತೇನೋ. ಡ್ರೈವರ್ ಬೈದಿದ್ದು ಬಿಡಿ, ಅದು ಮಾಮೂಲು. ಅಮ್ಮ ಮನೆ ತಲುಪುವವರೆಗೂ ಒಂದು ಮಾತೂ ಆಡಲಿಲ್ಲ ನೋಡಿ, ನಂಗೆ ಹೆದರಿಕೆಯಾಗಿದ್ದು ಅದಕ್ಕೆ.

ಮುಂದಿನ ಶನಿವಾರವೇ ಶಿವಮೊಗ್ಗಕ್ಕೆ ಹೋದೆ. ಅಂಗಡಿಯವನು ಹಾಡು ಹಾಡೋ ಹಾರ್ನ್ ತೋರಿಸಿದ. ಒಂದರ ಹಿಂದೊಂದು ಬೇರೆ ಬೇರೆ ಸ್ವರ ಬರುವ ಹಾರ್ನನ್ನು 1989ರ ಮೋಟಾರು ವಾಹನ ನಿಯಮಗಳೇ ಬೇಡ ಅನ್ನುತ್ತವೆ. ಒಂದು ಮಂದ್ರ, ಒಂದು ತಾರ, ಎರಡೂ ಒಟ್ಟಿಗೇ ಕೂಗುವ ಸಾದಾ ಜೋಡಿ ತಗೊಂಡೆ. ಜೊತೆಗೊಂದು ರಿಲೇ ಕಿಟ್.

ಭಾನುವಾರ ಅಂಗಳದಲ್ಲಿ ಕೆಲಸ ಶುರು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟೆ. ಹಾರ್ನ್‌ಗಳನ್ನು ಗ್ರಿಲ್ಲಿನ ಹಿಂದೆ ಬಾಯಿ ಕೆಳಗೆ ಮಾಡಿ ಬೋಲ್ಟ್ ಹಾಕಿದೆ. ನಮ್ಮೂರಿನ ಮಳೆ ನಿಮಗೆ ಗೊತ್ತಲ್ಲ, ಬಾಯಿ ಮೇಲೆ ಮಾಡಿದ್ರೆ ಒಳಗೆ ಕೆರೆಯೇ ಆಗುತ್ತೆ!

ಈ ರಿಲೇ ಯಾಕೆ ಅಂದ್ರೆ, ಜೋಡಿ ಹಾರ್ನ್ ಎಳೆಯುವಷ್ಟು ಕರೆಂಟನ್ನು ಸ್ಟಿಯರಿಂಗಿನ ಹಳೇ ಸಣ್ಣ ತಂತಿ ತಡೆಯೋದಿಲ್ಲ. ರಿಲೇ ಅನ್ನೋದು ಕಾಲುವೆಯ ತೂಬಿನ ಹಾಗೆ. ಹಲಗೆ ಎತ್ತೋಕೆ ಒಂದು ಕೈ ಸಾಕು, ನೀರು ಬರೋದು ಕಾಲುವೆಯಿಂದ. ಹಳೇ ಹಾರ್ನಿನ ಎರಡು ತಂತಿ 85 ಮತ್ತು 86ನೇ ಪಿನ್ನಿಗೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿ 30ಕ್ಕೆ. 87ರಿಂದ ಹೊಸ ಹಾರ್ನ್‌ಗಳಿಗೆ. ಹಾರ್ನಿನ ಇನ್ನೊಂದು ತಂತಿ ಬಾಡಿಗೆ ಅರ್ತ್. ಮುಗೀತು.

ಬ್ಯಾಟರಿ ಜೋಡಿಸಿ ಗತ್ತಿನಿಂದ ಒತ್ತಿದೆ. 'ಟಿಕ್.' ಮತ್ತೆ ಒತ್ತಿದೆ. 'ಟಿಕ್.' ಅಮ್ಮ ಜಗಲಿಯಿಂದ, "ಇದೇನೋ, ಹಲ್ಲಿ ಲೊಚಗುಟ್ಟಿದ ಹಾಗೆ?" ಅಂದ್ರು. ನನ್ನ ಮುಖ ನೀವು ನೋಡಬೇಕಿತ್ತು...

ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೀತು. ರಿಲೇ 'ಟಿಕ್' ಅಂತಿದೆ ಅಂದ್ರೆ ಅದು ಸರಿಯಾಗೇ ಇದೆ. ತಪ್ಪು ಅದರ ಆಚೆ. ಅರ್ತ್ ತಂತಿಯನ್ನು ನಾನು ಪೇಂಟಿನ ಮೇಲೇ ಬಿಗಿದಿದ್ದೆ! ಮರಳು ಕಾಗದದಲ್ಲಿ ಅಷ್ಟು ಜಾಗ ಉಜ್ಜಿ, ಲೋಹ ಹೊಳೆಯುವ ಹಾಗೆ ಮಾಡಿ ಮತ್ತೆ ಬಿಗಿದೆ.

ಪೋಂ!!

ಅಡಿಕೆ ಚಪ್ಪರದ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಅಮ್ಮ "ಹೂಂ" ಅಂದು ಒಳಗೆ ಹೋದರು.

ದೀಪಾವಳಿಗೆ ಉಡುಪಿಗೆ ಹೊರಟಾಗ ಬಸ್ಸಿನ ಮಾತೇ ಬರಲಿಲ್ಲ. ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಘಾಟಿಯ ಹದಿನಾಲ್ಕೂ ತಿರುವಿನಲ್ಲಿ ನನ್ನ ಕೈ ಹೋಗುವ ಮೊದಲೇ, "ಹಾರ್ನ್ ಮಾಡೋ ಮಾರಾಯ!"

ಉಡುಪಿ ಪೇಟೆಯಲ್ಲಿ ಮುಂದೊಂದು ಆಟೋ ಅಡ್ಡ ನಿಂತಿತ್ತು. ಹೊಸ ಹುರುಪು ನೋಡಿ, ಕೈ ತಾನಾಗೇ ಹೋಯ್ತು. ಅಮ್ಮ ತಡೆದರು.

"ನೀನು ಅವನಿಗೆ ಕಾಣ್ತಾ ಇದೀಯಲ್ಲ, ಮತ್ಯಾಕೆ ಕೂಗ್ತೀಯ?"

ಸುಮ್ಮನೆ ಕಾದೆ. ಆಟೋ ತಾನಾಗೇ ಹೋಯ್ತು.

ಅಂದಹಾಗೆ, ನಿಮ್ಮ ಗಾಡಿಯ ಹಾರ್ನ್ ಹೇಗಿದೆ? ಘಾಟಿಗೆ ಹೋಗುವ ಮುಂಚೆ ಮನೆಯಲ್ಲೇ ಒಮ್ಮೆ ಒತ್ತಿ ನೋಡಿ.