ನಮ್ಮ ಮನೆಗೆ ಬಂದ ಆರೆಕ್ಸ್

ಹೆಣ್ಣು ನೋಡಲು ಹೋಗುವವರೂ ಇಷ್ಟು ಊರು ಸುತ್ತಲಾರರು! ಒಂದು ಹಳೇ ಮೋಟಾರ್ ಬೈಕಿಗಾಗಿ ನಾನೂ ನನ್ನ ಮಗನೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಾ ಸುತ್ತಿ ಕೋಲಾರಕ್ಕೆ ವಾಪಸು ಬಂದೆವು. "ಬೈಕ್ ಕೊಳ್ಳೋಕೆ ಹೆಂಗಸರು ಯಾಕ್ರೀ?" ಎಂದು ನೀವು ಕೇಳಬಹುದು. ದುಡ್ಡು ನನ್ನದು, ಅದಕ್ಕೆ.

ಮಗನಿಗೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ರಾತ್ರಿ ಪಾಳಿ ಮುಗಿಸಿ ಬರಲು ಗಾಡಿ ಬೇಕೇ ಬೇಕು. ಅವನ ಕಣ್ಣೋ ಯಮಹಾ ಆರ್‌ಎಕ್ಸ್ 100ರ ಮೇಲೆ. ನಮ್ಮ ಕಡೆ ಹುಡುಗರ ಬಾಯಲ್ಲಿ ಅದು ಬರೀ 'ಆರೆಕ್ಸ್'. ನಾನು ಚೀಟಿ ಹಾಕಿ ಕೂಡಿಟ್ಟ 70,000 ರೂಪಾಯಿ ಇತ್ತು, ಅದು ಮುಂದಿನ ವರ್ಷ ಮಗಳ ಕಾಲೇಜು ಫೀಸಿಗೆಂದು ಎತ್ತಿಟ್ಟದ್ದು. "ತಿಂಗಳಿಗೆ ಐದು ಸಾವಿರದ ಹಾಗೆ ವಾಪಸು ಹಾಕ್ತೀನಮ್ಮ" ಎಂದ. "ಗುಜರಿಗೆ ಹೋಗೋ ಗಾಡಿಗೆ ಹುಡುಗಿ ಫೀಸು ಸುರೀತೀಯಾ?" ಎಂದು ನಮ್ಮ ಯಜಮಾನರು ರೇಗಿದರು. ಎರಡೂ ಕಡೆಯ ಮಾತು ಕೇಳಿ ನಾನು ಒಂದೇ ಷರತ್ತು ಹಾಕಿದೆ. ಗಾಡಿ ನೋಡಲು ನಾನೂ ಬರುತ್ತೇನೆ, ನಾನು ಒಪ್ಪದೆ ಸೆರಗಿನ ಗಂಟು ಬಿಚ್ಚುವುದಿಲ್ಲ!

ಈ ಆರೆಕ್ಸ್ 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಗಾಡಿ. ಎಂಜಿನ್ ಬರೀ 98 ಸಿಸಿ, ಶಕ್ತಿ ಮಾತ್ರ 11 ಕುದುರೆಯದು. ಮೈಯೂ ಹಗುರ, ಹಾಗಾಗಿ ಚಿಗರೆಯಂತೆ ನೆಗೆಯುತ್ತದೆ. ಟೂ ಸ್ಟ್ರೋಕ್ ಗಾಡಿಗಳ ಕಾಲವೇ ಅದು. ಮೈಸೂರಿನಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದವು. ಮಾಲೂರಿಗೆ ಹತ್ತಿರದ ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ ಬಂತು. ಹೊಗೆಯ ಕಾನೂನು ಬಿಗಿಯಾದಂತೆ ಇವೆಲ್ಲ ಮರೆಯಾದವು. ಹೊಸದು ಸಿಗದ ಮೇಲೆ ಹಳೆಯದಕ್ಕೆ ಬೆಲೆ ಏರದೆ ಇರುತ್ತದೆಯೇ?

ಮೊದಲು ಮಾಲೂರಿನಲ್ಲಿ ಒಂದು ನೋಡಿದೆವು. ಗಾಡಿ ಚೆನ್ನಾಗಿತ್ತು, ಆದರೆ ತಮಿಳುನಾಡಿನ ನಂಬರು. ಹೊರ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಮಾರುವವರ ಬಳಿ ಆ ಪತ್ರವಿರಲಿಲ್ಲ. "ಆಮೇಲೆ ಮಾಡಿಸ್ಕೊಡ್ತೀವಿ ಬಿಡಿ" ಎಂದರು. 'ಆಮೇಲೆ' ಅನ್ನೋ ಮಾತನ್ನು ಚೀಟಿ ವ್ಯವಹಾರದಲ್ಲಿ ಬೇಕಾದಷ್ಟು ಕೇಳಿದವಳು ನಾನು, ಎದ್ದು ಬಂದೆ.

ಮುಳಬಾಗಿಲಿನಲ್ಲಿ ಕಂಡದ್ದು ಮಿರಮಿರ ಮಿಂಚುವ ಕೆಂಪು ಗಾಡಿ. ಮಗನಿಗಂತೂ ಅಲ್ಲೇ ಮನಸ್ಸು ನಿಂತುಹೋಯಿತು. ನಾನು ಆರ್‌ಸಿ ಪುಸ್ತಕ ತೆಗೆದುಕೊಂಡು, ಹ್ಯಾಂಡಲ್ ಕೆಳಗೆ ಚಾಸಿಸ್ ಮೇಲೆ ಕೊರೆದ ನಂಬರು ಓದಲು ಕೂತೆ. ನಡುವೆ ಎರಡು ಅಂಕಿಗಳ ಜಾಗದಲ್ಲಿ ಉಜ್ಜಿದ ಗುರುತು, ಅದರ ಮೇಲೆ ದಪ್ಪ ಬಣ್ಣ. ಕೇಳಿದರೆ "ತುಕ್ಕು ಹಿಡಿದಿತ್ತಮ್ಮಾ" ಎಂದರು. ಅಂಥ ಗಾಡಿ ಕಳವಿನದಾಗಿದ್ದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ, ಕೊಟ್ಟ ದುಡ್ಡು ಗಾಳಿಗೆ. ಮಗ ಊರು ಬರುವವರೆಗೂ ಮಾತಾಡಲಿಲ್ಲ. ಮುಳಬಾಗಿಲು ದೋಸೆ ಕೊಡಿಸಿದರೂ ಅರ್ಧಕ್ಕೇ ಎದ್ದಿದ್ದ!

ಕೊನೆಗೆ ಸಿಕ್ಕಿದ್ದು ಶ್ರೀನಿವಾಸಪುರದಲ್ಲಿ, ಮಾವಿನ ತೋಪಿನ ಶೆಡ್ಡಿನಲ್ಲಿ. ತಾತನೊಬ್ಬರು 1995ರಲ್ಲಿ ಹೊಸದಾಗಿ ಕೊಂಡ ಗಾಡಿ, ಬೇರೆ ಮಾಲೀಕರಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಅದನ್ನೂ ತಪ್ಪದೆ ಮಾಡಿಸಿದ್ದರು. ನಂಬರುಗಳು ಆರ್‌ಸಿಗೆ ತಾಳೆಯಾದವು. ಮೈಯೆಲ್ಲಾ ತುಕ್ಕು, ಸೀಟು ಹರಿದಿತ್ತು. ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಇದು ಮುಖ್ಯ. ಮೊದಲೇ ಬಿಸಿ ಮಾಡಿಟ್ಟ ಗಾಡಿ ಸುಲಭವಾಗಿ ಸ್ಟಾರ್ಟ್ ಆಗಿ ತನ್ನ ರೋಗ ಮುಚ್ಚಿಡುತ್ತದೆ. ಇದು ಐದನೇ ಕಿಕ್ಕಿಗೆ ಕೆಮ್ಮಿ ಎದ್ದಿತು. ತಾತ ಮಗನಿಗೆ ಹೇಳಿದ ಮಾತು ನನಗಿನ್ನೂ ನೆನಪಿದೆ. "ಪೆಟ್ರೋಲ್ ಇಲ್ದಿದ್ರೆ ನಿಂತ್ಕೊಳ್ತದೆ ಕಣಪ್ಪ, ಆಯಿಲ್ ಇಲ್ದಿದ್ರೆ ಸತ್ತೋಗ್ತದೆ." ಬೆಲೆ 42,000ಕ್ಕೆ ಕುದುರಿತು.

ಗಾಡಿ ಕೋಲಾರದ ಗ್ಯಾರೇಜಿಗೆ ಬಂತು. ಬಿಚ್ಚಿದ ಮೇಲೆ ಮೆಕ್ಯಾನಿಕ್ ಒಂದೊಂದನ್ನೇ ತೋರಿಸಿದರು. ಸಿಲಿಂಡರಿನ ಅಗಲ ಮೂಲದಲ್ಲಿ 50 ಮಿಲಿಮೀಟರ್. ಸವೆದಾಗಲೆಲ್ಲ ಲೇತಿನಲ್ಲಿ ಕಾಲು ಮಿಲಿಮೀಟರಿನಷ್ಟು ಕೊರೆಸಿ ಅದಕ್ಕೆ ತಕ್ಕ ದಪ್ಪದ ಪಿಸ್ಟನ್ ಹಾಕುತ್ತಾರೆ. ಹೀಗೆ ಒಟ್ಟು ಒಂದು ಮಿಲಿಮೀಟರ್‌ವರೆಗೆ ಹೋಗಬಹುದು. ನಮ್ಮದು ಈಗಾಗಲೇ ಎರಡು ಸಲ ಆಗಿತ್ತು, ಇದು ಮೂರನೆಯದು. "ಇನ್ನೊಂದು ಸಲಕ್ಕೆ ಜಾಗ ಐತೆ ಅಕ್ಕಾ, ಆಮೇಲೆ ಹೊಸಾ ಸ್ಲೀವೇ" ಎಂದರು. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಇವು ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಹೋದರೆ ಗಾಳಿ ಒಳನುಗ್ಗಿ ಎಂಜಿನ್ ವಿನಾಕಾರಣ ಅರಚಿ ಕಾಯುತ್ತದೆ. ಸೈಲೆನ್ಸರಿನಲ್ಲಂತೂ ಸೀದ ಬಾಣಲೆಯ ಮಸಿ!

ಕಾರ್ಬುರೇಟರ್ ಕೆಲಸ ನಮಗೆ ತಿಳಿಯದ್ದಲ್ಲ. ಸೀಮೆಎಣ್ಣೆ ಪಂಪ್ ಸ್ಟವ್ ಹಚ್ಚಿದವರಿಗೆ ಪಿನ್ನು ಚುಚ್ಚುವುದು ನೆನಪಿರಬೇಕು. ಇಲ್ಲಿ ಮಾತ್ರ ಜೆಟ್ಟಿಗೆ ಪಿನ್ನು ಹಾಕಬಾರದು, ತೂತು ದೊಡ್ಡದಾಗಿ ಪೆಟ್ರೋಲ್ ಕುಡಿಯುತ್ತದೆ. ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿಸಬೇಕು. ಆಮೇಲೆ ಎಂಜಿನ್ ಬಿಸಿಯಾದಾಗ ಏರ್ ಸ್ಕ್ರೂ ಮೆಲ್ಲಗೆ ತಿರುಗಿಸುತ್ತಾ, ಸದ್ದು ಎಲ್ಲಿ ಚುರುಕಾಗಿ ಸಮನಾಗುತ್ತದೋ ಅಲ್ಲಿ ನಿಲ್ಲಿಸಿ, ಐಡ್ಲಿಂಗ್ ಇಳಿಸಬೇಕು. ಸರಿಯಾಯಿತೋ ಇಲ್ಲವೋ ಎನ್ನಲು ಸ್ಪಾರ್ಕ್ ಪ್ಲಗ್ಗಿನ ತುದಿ ನೋಡಬೇಕು. ಕಾಫಿಪುಡಿಯ ಬಣ್ಣವಿದ್ದರೆ ಹದ, ಒದ್ದೆ ಮಸಿಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಬೂದಿಯಂತೆ ಬೆಳ್ಳಗಿದ್ದರೆ ಅಪಾಯ, ಎಂಜಿನ್ ಕಾಯುತ್ತಿದೆ ಎಂದರ್ಥ.

ತಾತನ ಮಾತಿನ ಅರ್ಥ ಇಲ್ಲಿ ಆಯಿತು. ಈ ಗಾಡಿಗಳಲ್ಲಿ ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಆರೆಕ್ಸಿನಲ್ಲಿ ಅದಕ್ಕೆಂದೇ ಬೇರೆ ಡಬ್ಬಿ, ಪುಟ್ಟ ಪಂಪು ಇವೆ. ಡಬ್ಬಿ ಖಾಲಿಯಾದರೆ ಎಣ್ಣೆಯಿಲ್ಲದ ಬಾಣಲೆಯಲ್ಲಿ ದೋಸೆ ಹಿಡಿದಂತೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಓಡುವಾಗ ಚಕ್ರವೇ ನಿಂತು ಸವಾರ ಬೀಳಬಹುದು. ಹಾಗಾಗಿ ವಾರಕ್ಕೊಮ್ಮೆ ಡಬ್ಬಿ ನೋಡುವ ಕೆಲಸ ನನ್ನದೇ. ಮೊದಲ 500 ಕಿಲೋಮೀಟರ್ 50ರ ಮೇಲೆ ಓಡಿಸಕೂಡದು ಎಂದಿದ್ದರು ಮೆಕ್ಯಾನಿಕ್. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅಷ್ಟು ನಿಧಾನ ಬೇಡವೆಂದು ಸರ್ವಿಸ್ ರಸ್ತೆಯಲ್ಲೇ ಹೋಗಿ ಬಂದ. ಹೆಲ್ಮೆಟ್ ಇಲ್ಲದೆ ಬೀಗದ ಕೈ ನಾನು ಕೊಡುವುದಿಲ್ಲ.

ಒಂದು ತಿಂಗಳು ಸದ್ದು ಜೋರಾಗುವ ಸೈಲೆನ್ಸರ್ ಹಾಕಿಸಬೇಕೆಂದು ಕಂತು ತಪ್ಪಿಸಲು ನೋಡಿದ. ಟೂ ಸ್ಟ್ರೋಕ್ ಸೈಲೆನ್ಸರಿನ ಹೊಟ್ಟೆ ಸುಮ್ಮನೆ ಉಬ್ಬಿಲ್ಲವಂತೆ. ಹೊರಗೆ ಹೊರಟ ಹಸಿ ಪೆಟ್ರೋಲ್ ಗಾಳಿಯನ್ನು ಮತ್ತೆ ಒಳಗೆ ತಳ್ಳುವುದೇ ಅದು. ಕೊಯ್ಸಿ ಬದಲಾಯಿಸಿದರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ, ಮೇಲೆ ದಂಡ. ಇದನ್ನು ಮೆಕ್ಯಾನಿಕ್ಕಿನ ಬಾಯಿಂದಲೇ ಹೇಳಿಸಿದೆ. ತಾಯಿ ಹೇಳಿದರೆ ಮಕ್ಕಳು ಕೇಳುತ್ತಾರೆಯೇ?

ಲೆಕ್ಕ ಹೇಳಿಬಿಡುತ್ತೇನೆ. ಗಾಡಿಗೆ 42,000, ರಿಪೇರಿ, ಟೈರು, ಸೀಟು ಎಲ್ಲಾ ಸೇರಿ 19,500, ಹೆಸರು ವರ್ಗಾವಣೆ ಮತ್ತು ಇನ್ಷೂರೆನ್ಸ್ 3,500. ಒಟ್ಟು 65,000. ಐದೈದು ಸಾವಿರದ ಹದಿಮೂರು ಕಂತು. ಒಂಬತ್ತು ಬಂದಿವೆ, ನಾಲ್ಕು ಬಾಕಿ. ಫೀಸು ಕಟ್ಟಲು ಇನ್ನೂ ಐದು ತಿಂಗಳಿದೆ. ಮಗಳು ಪ್ರತಿ ತಿಂಗಳೂ ಒಂದನೇ ತಾರೀಖು ಅಣ್ಣನ ಮುಂದೆ ಡಬ್ಬಿ ಹಿಡಿದು ನಿಲ್ಲುತ್ತಾಳೆ.

ನಿಮ್ಮ ಮನೆಯಲ್ಲೂ ಹಳೇ ಗಾಡಿಯ ಮಾತು ಬಂದರೆ, ಸೋದರಿಯರೇ, "ನಮಗೇನು ಗೊತ್ತಾಗುತ್ತೆ" ಎಂದು ಒಳಗೆ ಕೂರಬೇಡಿ. ಮೊದಲು ಕಾಗದ, ಆಮೇಲೆ ಎಂಜಿನ್, ಕೊನೆಗೆ ಹೊಳಪು. ರಿಪೇರಿಗೆಂದು ಬೆಲೆಯ ಅರ್ಧದಷ್ಟಾದರೂ ಬೇರೆ ಎತ್ತಿಡಿ. ಅಂದಹಾಗೆ, ಗುಜರಿ ಎಂದಿದ್ದ ನಮ್ಮ ಯಜಮಾನರು ಈಗ ಭಾನುವಾರ ತರಕಾರಿ ತರಲು ತಾವೇ ಮುಂದಾಗುತ್ತಾರೆ, ಅದೂ ಆರೆಕ್ಸಿನಲ್ಲಿ. ಅರ್ಧ ಕಿಲೋಮೀಟರ್ ದೂರದ ಮಾರುಕಟ್ಟೆಗೆ ಹೋಗಿ ಬರಲು ಒಂದು ಗಂಟೆ ಯಾಕೆ ಬೇಕೋ, ನಾನಿನ್ನೂ ಕೇಳಿಲ್ಲ!