ಗಂಧೆ ಎದ್ದರೆ ಊಟದ ಮೇಲೇ ಗುಮಾನಿ ಏಕೆ?

ಎರಡು ವರ್ಷದ ಮಗುವಿನ ಮೈಮೇಲೆ ಇದ್ದಕ್ಕಿದ್ದಂತೆ ಪಿತ್ತದ ಗಂಧೆ ಎದ್ದರೆ ಮನೆಯವರೆಲ್ಲ ಮೊದಲು ಕೇಳುವುದು, "ಏನು ತಿನ್ನಿಸಿದೆ?" ಅಜ್ಜಿ ದೊಡ್ಡಪತ್ರೆ ರಸ ಹಚ್ಚುತ್ತಾರೆ. ಅಮ್ಮ ಮೊಟ್ಟೆ, ಹಾಲು, ಕಡಲೆಕಾಯಿ ಒಂದೊಂದೇ ನಿಲ್ಲಿಸುತ್ತಾಳೆ. ಗಂಧೆ ಮಾತ್ರ ಬೆಳಿಗ್ಗೆ ಹೊಟ್ಟೆ ಮೇಲಿದ್ದದ್ದು ಸಂಜೆಗೆ ತೊಡೆ ಮೇಲೆ.

ಚಿಕ್ಕ ಮಕ್ಕಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ವೈರಲ್ ಸೋಂಕು. ನೆಗಡಿ, ಜ್ವರ ಬಿಟ್ಟ ಮೇಲೂ ಏಳಬಹುದು. ಆಹಾರದ ಅಲರ್ಜಿಯಾದರೆ ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಿಂದ 2 ಗಂಟೆಯೊಳಗೆ ಕಾಣಿಸುತ್ತದೆ, ಅದನ್ನೇ ಮತ್ತೆ ತಿಂದಾಗ ಮರುಕಳಿಸುತ್ತದೆ. ಹಾಗಾಗಿ ಗಂಧೆಯ ಫೋಟೋ ತೆಗೆದಿಡಿ. ಎದ್ದ ಹೊತ್ತು, ತಿಂದದ್ದು, ಕೊಟ್ಟ ಔಷಧಿ, ಜ್ವರ ಎಲ್ಲ ಬರೆದಿಡಿ. ಮಕ್ಕಳ ಡಾಕ್ಟರಿಗೆ ಬೇಕಾದ ಸುಳಿವು ಅದರಲ್ಲೇ ಇರುತ್ತದೆ. ಎಷ್ಟೋ ಸಲ ಕಾರಣವೇ ಸಿಗದೆ, 6 ವಾರದೊಳಗೆ ತಾನಾಗಿ ವಾಸಿಯಾಗುತ್ತದೆ.

ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಗು ತೀರಾ ಸುಸ್ತಾದರೆ ಮಾತ್ರ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ.

ಉಳಿದಂತೆ, ಡಾಕ್ಟರ್ ಹೇಳದೆ ಮಗುವಿನ ತಟ್ಟೆಯಿಂದ ಏನನ್ನೂ ಕಿತ್ತುಕೊಳ್ಳಬೇಡಿ. ಅಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಲೂಬೇಡಿ.