ಹಳೆಯ ಕಾರಿನ ಲೆಕ್ಕ

2019ರ ಮೇ ತಿಂಗಳಲ್ಲಿ ನಾನು ಹನ್ನೊಂದು ವರ್ಷ ಹಳೆಯದಾದ ಒಂದು ಪೆಟ್ರೋಲ್ ಸೆಡಾನ್ ಖರೀದಿಸಿದೆ. ಬೆಲೆ 1,65,000 ರೂಪಾಯಿ. ಕೈಯಲ್ಲಿದ್ದದ್ದು ಅಷ್ಟೇ. ಹೊಸ ಕಾರು ಬೇಕೆಂದರೆ ಸಾಲ ಮಾಡಬೇಕು, ಸಾಲವೆಂದರೆ ಬಡ್ಡಿ. ಅದು ಬೇಡವೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೆವು. ಉಮ್ಮನಿಗೆ ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಹಿಂಬದಿಯ ಸೀಟು ಅಗಲವಾಗಿದೆ, ಉಮ್ಮ ಕಾಲು ಚಾಚಿ ಕೂರಬಹುದು ಎಂಬುದೊಂದೇ ಆ ಕಾರನ್ನು ಆರಿಸಿಕೊಳ್ಳಲು ನನಗಿದ್ದ ಕಾರಣ.

ಖರೀದಿಸುವಾಗ ನಾನು ನೋಡಿದ್ದು ಬಣ್ಣ, ಸೀಟಿನ ಹೊದಿಕೆ, ಟಯರುಗಳ ಹೊಳಪು. ನೋಡಬೇಕಾಗಿದ್ದದ್ದು ಬೇರೆಯೇ ಇತ್ತೆಂದು ಆಮೇಲೆ ಕಲಿತೆ. ತಣ್ಣಗಿರುವ ಎಂಜಿನನ್ನು ನಾವೇ ಚಾಲೂ ಮಾಡಿ ನೋಡಬೇಕು. ನಾವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಏಕೆಂದು ಕೇಳಬೇಕು. ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ನೋಡಬೇಕು. ಒಳಗೆ ಹಾಲಿನ ಕೆನೆಯಂತಹ ಪದಾರ್ಥ ಅಂಟಿದ್ದರೆ ಆಯಿಲಿಗೆ ನೀರು ಸೇರಿರುವ ಸಂಶಯವುಂಟು. ಕಾಲಡಿಯ ಕಾರ್ಪೆಟ್ ಎತ್ತಿ ಕೈಯಾಡಿಸಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಮತ್ತು ನಾಲ್ಕು ತಿಂಗಳ ಮಳೆಗೆ ಕಬ್ಬಿಣ ತಡೆಯುವುದಿಲ್ಲ; ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಬೀಳದ ಜಾಗದಲ್ಲಿ.

ಆಗಸ್ಟ್‌ನಲ್ಲಿ ಬೆಂಗಳೂರಿಗೆ ಹೊರಟಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಏರತೊಡಗಿದಾಗ ಲಾರಿಗಳ ಸಾಲಿನ ಹಿಂದೆ ಒಂದನೇ ಮತ್ತು ಎರಡನೇ ಗೇರಿನಲ್ಲೇ ತೆವಳಬೇಕಾಯಿತು. ಉಷ್ಣತೆ ತೋರಿಸುವ ಮುಳ್ಳು ನಿಧಾನವಾಗಿ ಮೇಲೇರುತ್ತಿರುವುದನ್ನು ಕಂಡೆ. ಇನ್ನೊಂದು ತಿರುವು ದಾಟಿ ಅಗಲವಾದ ಜಾಗದಲ್ಲಿ ನಿಲ್ಲಿಸೋಣವೆಂದುಕೊಂಡೆ. ಆ ಒಂದು ತಿರುವಿನ ಬೆಲೆ ಮುಂದೆ ಹದಿನೆಂಟು ಸಾವಿರವಾಯಿತು. ಬಾನೆಟ್ಟಿನ ಅಂಚಿನಿಂದ ಬಿಳಿ ಹಬೆ ಎದ್ದಿತು. ಹಿಂದಿನ ಸೀಟಿನಲ್ಲಿ ಉಮ್ಮ, ಹೊರಗೆ ಜಡಿಮಳೆ, ಒಂದು ಬದಿಯಲ್ಲಿ ಪ್ರಪಾತ.

ಮುಳ್ಳು ಮೇಲೇರತೊಡಗಿದ ಕ್ಷಣವೇ ಏಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆದು, ಸಿಕ್ಕಿದ ಜಾಗದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಬೇಕು. ಹೀಟರ್ ಎಂಜಿನ್ನಿನ ಬಿಸಿಯನ್ನೇ ಒಳಗೆಳೆದುಕೊಳ್ಳುವುದರಿಂದ ಅಷ್ಟರಮಟ್ಟಿಗೆ ಎಂಜಿನ್ನಿಗೆ ಉಸಿರು ಸಿಗುತ್ತದೆ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ಎಂದೂ ತೆರೆಯಬಾರದು. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಮುಚ್ಚಳ ಸಡಿಲಾದೊಡನೆ ಕುದಿಯುತ್ತ ಮುಖಕ್ಕೆ ಹಾರುತ್ತದೆ. ಇದನ್ನೆಲ್ಲ ಹೇಳಿದವನು ಅಂದು ಮಳೆಯಲ್ಲಿ ನಿಂತು ಸಹಾಯ ಮಾಡಿದ ಒಬ್ಬ ಲಾರಿ ಚಾಲಕ. ಅವನ ಊರು ಹೆಸರು ಕೇಳುವಷ್ಟು ವ್ಯವಧಾನವೂ ನನಗಿರಲಿಲ್ಲ.

ಗ್ಯಾರೇಜಿನ ಹಿರಿಯ ಮೇಸ್ತ್ರಿ ರೇಡಿಯೇಟರನ್ನು ಬಿಚ್ಚಿ ಬೆರಳಾಡಿಸಿ, ಅಂಗೈಯ ಮೇಲೆ ಕೆಸರಿನಂತಹ ಕಂದು ಪದಾರ್ಥವನ್ನು ತೋರಿಸಿದರು. ಸೋರುವಿಕೆ ತಡೆಯಲು ಸುರಿಯುವ ಪುಡಿ ಅದು. ರಂಧ್ರವನ್ನು ಕೆಲವು ಕಾಲ ಮುಚ್ಚುತ್ತದೆ, ಜೊತೆಗೆ ನೀರು ಹರಿಯಬೇಕಾದ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. "ಇದು ಓಡಿಸುವುದಕ್ಕೆ ಹಾಕಿದ್ದಲ್ಲ, ಮಾರುವುದಕ್ಕೆ ಹಾಕಿದ್ದು" ಎಂದರು. ಅಲ್ಯೂಮಿನಿಯಂನ ಸಿಲಿಂಡರ್ ಹೆಡ್ ಬಿಸಿಗೆ ಬಾಗಿತ್ತು. ಅದನ್ನು ಲೇತಿಗೆ ಒಯ್ದು ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸಲು ಆ ಹದಿನೆಂಟು ಸಾವಿರ. ರೇಡಿಯೇಟರ್ ಮತ್ತು ನೀರಿನ ಪಂಪಿಗೆ ಇನ್ನೊಂದು ಏಳು ಸಾವಿರ. ಕಾರು ಕೊಟ್ಟವರಿಗೆ ಫೋನ್ ಮಾಡಿದೆ. "ನೀವು ಓಡಿಸಿ ನೋಡಿಯೇ ತೆಗೆದುಕೊಂಡದ್ದಲ್ಲವೇ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ತಿಂಗಳುಗಟ್ಟಲೆ, ನಮಾಝಿಗೆ ನಿಂತಾಗಲೂ, ಆ ಮಾತು ಒಳಗೆ ಕುದಿಯುತ್ತಿತ್ತು.

ಅಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡತೊಡಗಿದೆ. ಕ್ಲಚ್ ಸೆಟ್ ಮತ್ತು ಕೂಲಿ ಸೇರಿ ಹನ್ನೆರಡು ಸಾವಿರ. ನಮ್ಮ ಗುಂಡಿಬಿದ್ದ ರಸ್ತೆಗಳ ದಯೆಯಿಂದ ಮುಂದಿನ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಅವುಗಳ ಬುಶ್ ಎಲ್ಲ ಸೇರಿ ಹದಿನಾಲ್ಕು ಸಾವಿರ. ನಾಲ್ಕು ಟಯರು, ಎರಡು ಸಲ ಬ್ಯಾಟರಿ, ತುಕ್ಕು ತಿಂದು ತೂತಾದ ಸೈಲೆನ್ಸರ್. ಎಂಜಿನ್ ಮೌಂಟಿನ ರಬ್ಬರು ಸವೆದಾಗ ಸಿಗ್ನಲಿನಲ್ಲಿ ನಿಂತ ಕಾರು ಜ್ವರ ಬಂದವರಂತೆ ನಡುಗುತ್ತಿತ್ತು. ರಬ್ಬರಿನದ್ದೇ ಒಂದು ದೊಡ್ಡ ಕಥೆ. ಕಿಲೋಮೀಟರ್ ಕಡಿಮೆ ಓಡಿದ ಕಾರು ಎಂದು ಹಿಗ್ಗುತ್ತೇವೆ. ಆದರೆ ಪೈಪು, ಬೆಲ್ಟು, ಸೀಲು, ಬುಶ್ಶುಗಳು ಓಡಿದರೂ ನಿಂತರೂ ಮುದಿಯಾಗುತ್ತವೆ. ಈಗ ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆತ ಮೇಲೆ, ಅದಕ್ಕಾಗಿ ತಯಾರಾಗದ ಹಳೆಯ ಕಾರುಗಳ ಇಂಧನದ ಪೈಪುಗಳ ಮೇಲೆ ಇನ್ನಷ್ಟು ಕಣ್ಣಿಡಬೇಕೆಂದು ಮೇಸ್ತ್ರಿ ಎಚ್ಚರಿಸಿ, ಎರಡನ್ನು ಬದಲಿಸಿಯೇ ಬಿಟ್ಟರು.

2023ರಲ್ಲಿ ಕಾರಿಗೆ ಹದಿನೈದು ತುಂಬಿತು. ಖಾಸಗಿ ಕಾರಿನ ನೋಂದಣಿಯ ಅವಧಿ ಅಷ್ಟೇ. ಆ ಬಳಿಕ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ವರೆಗೆ ಆರುನೂರು ರೂಪಾಯಿಯಿದ್ದ ಶುಲ್ಕ ಆಗ 5,000 ಆಗಿತ್ತು. ಅದರ ಮೇಲೆ ಹಸಿರು ತೆರಿಗೆ, ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ. ವಿಮೆಯಲ್ಲಿ ನಾನು ಕಡ್ಡಾಯವಾದ ಥರ್ಡ್ ಪಾರ್ಟಿಯನ್ನಷ್ಟೇ ಉಳಿಸಿಕೊಂಡೆ: 1,000ದಿಂದ 1,500 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ ಮತ್ತು ಜಿಎಸ್‌ಟಿ. ಆರು ವರ್ಷಗಳ ದುರಸ್ತಿಯ ಮೊತ್ತ ಕೂಡಿಸಿದಾಗ ಖರೀದಿ ಬೆಲೆಯ ಹತ್ತಿರಕ್ಕೆ ಬಂದಿತ್ತು. ಆದರೂ ಪಶ್ಚಾತ್ತಾಪವಿಲ್ಲ. ಆಸ್ಪತ್ರೆ, ಮದುವೆ, ಮಯ್ಯಿತ್ ಎಂದು ಉಮ್ಮ ಹೋಗಬೇಕಾದಲ್ಲಿಗೆಲ್ಲ ಆ ಕಾರಿನಲ್ಲೇ ಹೋದರು.

ಕಳೆದ ವರ್ಷ ಏಸಿಯ ಕೂಲಿಂಗ್ ಕಾಯಿಲ್ ಸೋರತೊಡಗಿತು. ಅದು ಡ್ಯಾಶ್‌ಬೋರ್ಡಿನ ಒಳಗಿರುವುದರಿಂದ ಇಡೀ ಮುಂಭಾಗವನ್ನೇ ಬಿಚ್ಚಬೇಕು. ಮೇಸ್ತ್ರಿ 9,500 ರೂಪಾಯಿಯ ಅಂದಾಜು ಹೇಳಿದರು. ಮಾರಿಬಿಡೋಣ ಎಂದು ನಾನು ನಿರ್ಧರಿಸಿದ್ದು ಆಗಲೇ. ಮಾರುವ ಕಾರಿಗೆ ಅಷ್ಟು ಹಣ ಸುರಿಯಲು ಮನಸ್ಸಾಗಲಿಲ್ಲ. ಮೇಸ್ತ್ರಿಯ ಬಳಿಗೆ ಹೋಗಲು ನಾಚಿಕೆಯಾಗಿ, ಬೇರೊಂದು ಅಂಗಡಿಯಲ್ಲಿ 1,800 ಕೊಟ್ಟು ಗ್ಯಾಸ್ ತುಂಬಿಸಿದೆ. ಎರಡು ಮೂರು ವಾರ ತಂಪು ಗಾಳಿಗೆ ಕೊರತೆಯಿಲ್ಲ.

ಪುತ್ತೂರು ಕಡೆಯಿಂದ ವಯರಿಂಗ್ ಕೆಲಸದ ಯುವಕನೊಬ್ಬ ಬಂದ. ನಾನು ಒಂದು ಲಕ್ಷ ಹೇಳಿದೆ. ಹೆಡ್ ಗ್ಯಾಸ್ಕೆಟ್ ಬದಲಿಸಿದ್ದನ್ನು, ಎಡಬಾಗಿಲ ಕೆಳಗಿನ ತುಕ್ಕನ್ನು ನಾನಾಗಿಯೇ ತೋರಿಸಿದೆ. ಅವು ಹೇಗೂ ಗೊತ್ತಾಗುವಂಥವು. ಓಡಿಸಿ ನೋಡುವಾಗ ಅವನು ಏಸಿಯ ಕಿಂಡಿಗೆ ಕೈಯೊಡ್ಡಿ, "ಚೆನ್ನಾಗಿ ತಂಪಿದೆ ಮಾಸ್ಟ್ರೇ" ಎಂದ. ನಾನು "ಹೂಂ" ಎಂದೆ. ತೊಂಬತ್ತಕ್ಕೆ ಒಪ್ಪಂದವಾಯಿತು, 5,000 ಮುಂಗಡ ಕೊಟ್ಟು ಹೋದ. 29 ಮತ್ತು 30ನೇ ನಮೂನೆಗಳಿಗೆ ಶುಕ್ರವಾರ ಸಹಿ ಹಾಕುವುದೆಂದು ನಿಶ್ಚಯವಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಉಮ್ಮ, "ಏಸಿಯದ್ದು ಹೇಳಿದೆಯಾ?" ಎಂದು ಕೇಳಿದರು. ಅವನು ಕೇಳಲಿಲ್ಲವೆಂದೆ. ಉಮ್ಮ ಮತ್ತೇನೂ ಅನ್ನದೆ ಬಟ್ಟಲನ್ನು ಬದಿಗಿಟ್ಟು ಎದ್ದರು. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಿದ್ದ ಘಟನೆಯನ್ನು ಬಲ್ಲವನು ನಾನು. ಮಳೆ ಬಿದ್ದಿತ್ತೆಂದ ವ್ಯಾಪಾರಿಯನ್ನು, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೇಕೆಂದು ಅವರು ಕೇಳಿದ್ದನ್ನು ತರಗತಿಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿದವನು. ಆ ರಾತ್ರಿ ನೆನಪಾದದ್ದು ಮೊದಲು ಅದಲ್ಲ. ಮೇಸ್ತ್ರಿಯ ಅಂಗೈಯ ಮೇಲಿನ ಕಂದು ಕೆಸರು.

ಇಶಾ ನಮಾಝ್ ಮುಗಿಸಿ ಬಂದು ಯುವಕನಿಗೆ ಫೋನ್ ಮಾಡಿದೆ. ಕಾಯಿಲ್ ಸೋರುತ್ತಿದೆ, ಗ್ಯಾಸ್ ತುಂಬಿಸಿ ನಾಲ್ಕು ದಿನವಷ್ಟೇ ಆಯಿತು, ಬೇಡವಾದರೆ ಮುಂಗಡ ಹಿಂದಿರುಗಿಸುತ್ತೇನೆ, ಬೇಕಾದರೆ 9,500 ಕಡಿಮೆ ಕೊಡು ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ.

"ಗೊತ್ತಿತ್ತು ಮಾಸ್ಟ್ರೇ" ಎಂದ. "ಎಂಜಿನ್ ಮೇಲೆಲ್ಲ ಧೂಳು, ಗ್ಯಾಸ್ ತುಂಬುವ ವಾಲ್ವಿನ ಮುಚ್ಚಳ ಮಾತ್ರ ಒರೆಸಿದ ಹಾಗಿತ್ತು. ಅದಕ್ಕೇ ಹತ್ತು ಕಡಿಮೆ ಕೇಳಿದ್ದು. ಇನ್ನು ಕಡಿಮೆ ಬೇಡ."

"ಹಾಗಿದ್ದರೆ ನನ್ನಲ್ಲಿ ಕೇಳಬಹುದಿತ್ತಲ್ಲ?" ಎಂದೆ.

"ಕೇಳಿದರೆ ನೀವು ಏನಾದರೊಂದು ಹೇಳಬೇಕಾಗುತ್ತಿತ್ತಲ್ಲ" ಎಂದ ಅವನು.